ಬತ್ತಲಗುಂಡಿನಲ್ಲಿ ಇಳಿಯಬೇಕು

ಬೆಂಗಳೂರಿನಿಂದ ಕೊಡೈಕೆನಾಲ್‌ಗೆ ಹೊರಟ ರಾತ್ರಿ ಬಸ್ಸುಗಳು ಘಾಟಿ ಹತ್ತುವ ಮುಂಚೆ ಬತ್ತಲಗುಂಡನ್ನು ದಾಟುತ್ತವೆ. ಅರ್ಧ ನಿದ್ದೆಯಲ್ಲಿ ಕಿಟಕಿಯಾಚೆ ನೋಡಿದ ಕನ್ನಡಿಗನಿಗೆ ಆ ಹೆಸರು ಒಂದು ಸಣ್ಣ ನಗೆ ತರಿಸುತ್ತದೆ. ನಮ್ಮ ಕಿವಿಗೆ ಬತ್ತಲೆಯೂ ಗುಂಡೂ ಒಟ್ಟಿಗೆ ಕೇಳಿಸುವುದರಿಂದ ಅದೇನು ಆಶ್ಚರ್ಯವಲ್ಲ. ತಮಿಳಿನಲ್ಲಿ ಅದು ವತ್ತಲಗುಂಡು. ವೆಟ್ರಿಲೈ, ಅಂದರೆ ವೀಳ್ಯದೆಲೆ, ಎಂಬ ಮಾತಿನಿಂದ ಈ ಹೆಸರು ಬಂತು ಎಂಬುದು ಊರಲ್ಲಿ ಚಾಲ್ತಿಯಲ್ಲಿರುವ ವಿವರಣೆ. ಬಸ್ಸು ನಿಲ್ಲುತ್ತದೆ, ಒಂದು ಲೋಟ ಕಾಫಿಯಾಗುತ್ತದೆ, ಬಸ್ಸು ಹೊರಡುತ್ತದೆ. ಮೇಲೆ ಕೆರೆ, ಕಂಬದಂಥ ಬಂಡೆಗಳು, ಜಲಪಾತ, ಚಾಕಲೇಟು ಅಂಗಡಿ. ಪ್ರವಾಸ ಅಲ್ಲಿಂದ ಶುರುವಾಗುತ್ತದೆ ಎಂದೇ ಎಲ್ಲರ ಎಣಿಕೆ. ನನ್ನ ವಾದ ಇದಕ್ಕೆ ತಿರುಗುಮುರುಗು. ನೋಡುವುದಕ್ಕೂ ಉಣ್ಣುವುದಕ್ಕೂ ಒಂದೇ ಒಂದು ದಿನ ಕೈಯಲ್ಲಿದ್ದರೆ, ಅದರಲ್ಲೂ ನೀವು ಕನ್ನಡಿಗರಾಗಿದ್ದರೆ, ಆ ದಿನವನ್ನು ಬೆಟ್ಟದ ಮೇಲೆ ಕಳೆಯುವುದಕ್ಕಿಂತ ಬೆಟ್ಟದ ಬುಡದಲ್ಲಿ, ದಿಂಡಿಗಲ್ಲಿಗೂ ಬತ್ತಲಗುಂಡಿಗೂ ನಡುವಿನ ಒಂದು ತಾಸಿನ ಹಾದಿಯಲ್ಲಿ ಕಳೆಯುವುದು ಮೇಲು. ಯಾಕೆಂದರೆ ಅಲ್ಲಿ ನೋಡುವುದೂ ಉಣ್ಣುವುದೂ ಎರಡು ಬೇರೆ ಕೆಲಸಗಳಲ್ಲ. ತಟ್ಟೆಯಲ್ಲಿರುವುದಕ್ಕೂ ಕೋಟೆಯಲ್ಲಿರುವುದಕ್ಕೂ ಒಂದೇ ಚರಿತ್ರೆ.

ಈ ಮಾತು ಅತಿಯಾಯಿತು ಅನ್ನಿಸುವವರಿಗೆ ಇಟಲಿಯ ಬೊಲೋನ್ಯಾ ನಗರವನ್ನು ನೆನಪಿಸಬೇಕು. ನಮ್ಮವರು ಯೂರೋಪು ಸುತ್ತಲು ಹೋದಾಗ ರೋಮ್, ವೆನಿಸ್, ಫ್ಲಾರೆನ್ಸ್ ನೋಡಿ ಬರುತ್ತಾರೆ. ಬೊಲೋನ್ಯಾ ಅವರಿಗೆ ಬಹುತೇಕ ರೈಲು ಬದಲಿಸುವ ನಿಲ್ದಾಣ, ನಮ್ಮ ಬತ್ತಲಗುಂಡಿನ ಹಾಗೆ. ಆದರೆ ಇಟಲಿಯವರನ್ನು ಕೇಳಿ ನೋಡಿ. ಆ ಊರಿಗೆ ಅವರಿಟ್ಟ ಅಡ್ಡಹೆಸರುಗಳು ಮೂರು: ಪಂಡಿತ, ದಢೂತಿ, ಕೆಂಪು. ಪಂಡಿತ ಅನ್ನುವುದು 1088ರಲ್ಲಿ ಹುಟ್ಟಿತೆನ್ನಲಾಗುವ ವಿಶ್ವವಿದ್ಯಾಲಯಕ್ಕೆ, ದಢೂತಿ ಅನ್ನುವುದು ಊಟಕ್ಕೆ, ಕೆಂಪು ಇಟ್ಟಿಗೆಗೂ ರಾಜಕೀಯಕ್ಕೂ. ಬಿಸಿಲು ಮಳೆ ತಾಗದ ಹಾಗೆ ಬೀದಿಬದಿಯಲ್ಲಿ ಕಟ್ಟಿದ ಕಮಾನು ಜಗಲಿಗಳು ಒಟ್ಟು 62 ಕಿಲೋಮೀಟರಿನಷ್ಟಿವೆ. 2021ರಲ್ಲಿ ಯುನೆಸ್ಕೊ ಅವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕಿಂತ ನನಗೆ ಮುಖ್ಯವೆನಿಸುವುದು ಶ್ಯಾವಿಗೆಯ ಸಂಗತಿ. ಟಾಲ್ಯತೆಲ್ಲೆ ಎಂಬ ಪಟ್ಟಿಯಂಥ ಶ್ಯಾವಿಗೆಯ ಅಳತೆಯನ್ನು 1972ರಲ್ಲಿ ಆ ಊರಿನ ವಾಣಿಜ್ಯ ಮಂಡಳಿಯಲ್ಲಿ ದಾಖಲಿಸಿದರು. ಬೆಂದ ಮೇಲೆ ಅದು 8 ಮಿಲಿಮೀಟರ್ ಅಗಲ ಇರಬೇಕು. ಈ 8 ಮಿಲಿಮೀಟರನ್ನು ಅವರು ಇನ್ನೊಂದು ಬಗೆಯಲ್ಲೂ ಹೇಳುತ್ತಾರೆ: ನಗರದ ನಡುವಿನ ಅಸಿನೆಲ್ಲಿ ಗೋಪುರದ ಎತ್ತರವನ್ನು 12,270 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಇದರಲ್ಲಿ ತಮಾಷೆ ಇದೆ, ಜಂಭವೂ ಇದೆ. ಆದರೆ ಊಟವನ್ನೂ ಸ್ಮಾರಕವನ್ನೂ ಒಂದೇ ಗಜಕಡ್ಡಿಯಲ್ಲಿ ಅಳೆದ ಆ ಊರು ಪ್ರವಾಸಿಗನಿಗೆ ಬಹಳ ದೊಡ್ಡ ಪಾಠ ಹೇಳುತ್ತಿದೆ. ಗೋಪುರ ನೋಡಿ ಶ್ಯಾವಿಗೆ ತಿನ್ನದವನು ಅರ್ಧ ಊರನ್ನು ಮಾತ್ರ ನೋಡಿದ್ದಾನೆ.

ಈಗ ದಿಂಡಿಗಲ್ಲಿಗೆ ಬರೋಣ. ತಮಿಳಿನಲ್ಲಿ ತಿಂಡು ಎಂದರೆ ಒರಗುದಿಂಬು, ಕಲ್ ಎಂದರೆ ಕಲ್ಲು. ಊರ ಮಧ್ಯದ ಬೋಳು ಬಂಡೆ ದೂರದಿಂದ ಥೇಟು ದಿಂಬಿನಂತೆಯೇ ಕಾಣುವುದರಿಂದ ಈ ಹೆಸರು. ಕನ್ನಡಿಗನಿಗೆ ಇದಕ್ಕೆ ನಿಘಂಟು ಬೇಕಿಲ್ಲ. ಮದುರೆಯ ನಾಯಕರಲ್ಲಿ ಒಬ್ಬನಾದ ಮುತ್ತುಕೃಷ್ಣಪ್ಪ ನಾಯಕ 1605ರಲ್ಲಿ ಈ ಬಂಡೆಯ ಮೇಲೆ ಕೋಟೆ ಕಟ್ಟಿಸಿದ, ತಿರುಮಲೆ ನಾಯಕ ಅದನ್ನು ಬಲಪಡಿಸಿದ. ನಮ್ಮ ಕಥೆ ಶುರುವಾಗುವುದು 1755ರಲ್ಲಿ. ಮೈಸೂರಿನ ದಳವಾಯಿಗಳ ಕೆಳಗೆ ಬೆಳೆಯುತ್ತಿದ್ದ ಹೈದರ್ ಅಲಿ ಆ ವರ್ಷ ದಿಂಡಿಗಲ್ಲಿನ ಫೌಜುದಾರನಾಗಿ ಬಂದ. ಸುತ್ತಲಿನ ಪಾಳೆಯಗಾರರನ್ನು ಬಗ್ಗಿಸಿ ಕಪ್ಪ ವಸೂಲು ಮಾಡುವುದು ಅವನಿಗೆ ಒಪ್ಪಿಸಿದ ಕೆಲಸ. ಅವನು ಸ್ವಂತಕ್ಕೆ ಮಾಡಿಕೊಂಡದ್ದು ಅದಕ್ಕಿಂತ ಹೆಚ್ಚು. ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ ಶಸ್ತ್ರಾಗಾರ ಕಟ್ಟಿದ, ತನ್ನದೇ ಎನ್ನಬಹುದಾದ ಸೈನ್ಯ ಬೆಳೆಸಿದ. ಲೆಕ್ಕಪತ್ರಕ್ಕೆ ಖಂಡೇರಾವ್ ಇದ್ದ. ಗಾಯಾಳುಗಳಿಗೆ ಸಿಗುವ ಭತ್ಯೆಗಾಗಿ, ಮೈ ಮೇಲೆ ಗೀರೂ ಇಲ್ಲದ ಸಿಪಾಯಿಗಳಿಗೂ ಅರಿಶಿನದಲ್ಲಿ ಅದ್ದಿದ ಪಟ್ಟಿ ಸುತ್ತಿ ತನಿಖೆಗೆ ಮಲಗಿಸಿದ ಕಥೆಯನ್ನು ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ ಹೇಳುತ್ತಾನೆ. ಶ್ರೀರಂಗಪಟ್ಟಣದಲ್ಲಿ 1761ರಲ್ಲಿ ಅಧಿಕಾರ ಹಿಡಿದ ಹೈದರ್ ಅದರ ಓನಾಮ ಕಲಿತದ್ದು ಇಲ್ಲಿ. ನಾವು ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡುತ್ತೇವೆ, ದೇವನಹಳ್ಳಿಯಲ್ಲಿ ಟಿಪ್ಪು ಹುಟ್ಟಿದ ಜಾಗ ನೋಡುತ್ತೇವೆ; ಹೈದರನ ಏಳಿಗೆಗೆ ಬೇಕಾದ ಹಣ, ಮದ್ದುಗುಂಡು, ಮನುಷ್ಯರು ಎಲ್ಲಿ ಒಟ್ಟಾದರು ಎಂದು ಮಾತ್ರ ಕೇಳುವುದಿಲ್ಲ. ಮುಂದೆ ಶಿವಗಂಗೆಯ ರಾಣಿ ವೇಲು ನಾಚಿಯಾರ್ 1772ರಲ್ಲಿ ಗಂಡನನ್ನು ಕಳೆದುಕೊಂಡು ಆಶ್ರಯ ಹುಡುಕಿದ್ದು ಇದೇ ಸೀಮೆಯಲ್ಲಿ, ಹೈದರನ ನೆರಳಿನಲ್ಲಿ. ಕಂಪನಿಯ ಸೈನ್ಯ ಕೋಟೆಯನ್ನು 1783ರಲ್ಲಿ ಹಿಡಿಯಿತು, ಮಂಗಳೂರಿನ ಒಪ್ಪಂದದ ಮೇಲೆ 1784ರಲ್ಲಿ ಬಿಟ್ಟುಕೊಟ್ಟಿತು, 1790ರಲ್ಲಿ ಮತ್ತೆ ಹಿಡಿಯಿತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅದನ್ನು ಬರೆದುಕೊಟ್ಟ. ಮಂಗಳೂರು, ಶ್ರೀರಂಗಪಟ್ಟಣ ಎಂಬ ಹೆಸರುಗಳು ಬಾರದೆ ದಿಂಡಿಗಲ್ಲಿನ ಚರಿತ್ರೆ ಹೇಳಲು ಆಗುವುದಿಲ್ಲ. ಹಾಗೆಯೇ ದಿಂಡಿಗಲ್ ಇಲ್ಲದೆ ನಮ್ಮದೂ ಪೂರ್ತಿಯಾಗುವುದಿಲ್ಲ.

ಕೋಟೆ ಇಳಿದು ಊರಿಗೆ ಬಂದರೆ ಕೈಗೆ ಸಿಗುವುದು ಬೀಗ. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ, ಎಂದರೆ ಜಿಐ, ಸಿಕ್ಕಿದೆ. ಯಂತ್ರದಲ್ಲಿ ಅಚ್ಚಾದ ಅಲಿಗಢದ ಬೀಗದ ಎದುರು ಕೈಯಲ್ಲಿ ಉಜ್ಜಿ ಕೂಡಿಸಿದ ಇಲ್ಲಿಯ ಬೀಗ ಬೆಲೆಯಲ್ಲಿ ಸೋಲುತ್ತದೆ. ಆದರೂ ದೇವಸ್ಥಾನದ ಹುಂಡಿಗೆ, ಗೋದಾಮಿನ ಬಾಗಿಲಿಗೆ ಹಳಬರು ಕೇಳುವುದು ಇದನ್ನೇ. ಹೈದರನ ಶಸ್ತ್ರಾಗಾರದ ಕಮ್ಮಾರರ ಮೊಮ್ಮಕ್ಕಳೇ ಬೀಗ ಮಾಡಿದರು ಎಂದು ನಂಟು ಹಾಕಿಬಿಡಲು ಆಸೆಯಾಗುತ್ತದೆ. ಇಂಥ ಕಥೆ ಬಹಳ ಚೆನ್ನಾಗಿ ಮಾರಾಟವಾಗುತ್ತದೆ ಕೂಡ. ದಾಖಲೆ ಇಲ್ಲದೆ ಹಾಗೆ ಹೇಳುವುದು ನನ್ನಿಂದಾಗದು. ಬಿರಿಯಾನಿಯ ವಿಷಯದಲ್ಲೂ ಅಷ್ಟೆ. ಮೈಸೂರಿನ ಕುದುರೆ ಸವಾರರು ಬಿರಿಯಾನಿ ತಂದರು ಎಂಬ ಕಥೆ ಯಾರಾದರೂ ಹೇಳಿದರೆ ತಲೆಯಾಡಿಸಿ ಸುಮ್ಮನಿರುವುದು ಒಳ್ಳೆಯದು. ದಾಖಲೆಯಲ್ಲಿರುವ ಸಂಗತಿ ಇನ್ನೂ ರುಚಿಯಾಗಿದೆ. ನಾಗಸಾಮಿ ನಾಯ್ಡು ಎಂಬವರು 1957ರಲ್ಲಿ ದಿಂಡಿಗಲ್ಲಿನಲ್ಲಿ ಆನಂದ ವಿಲಾಸ್ ಎಂಬ ಹೆಸರಿನಲ್ಲಿ ಬಿರಿಯಾನಿ ಹೋಟೆಲು ತೆರೆದರು. ತಲೆಗೆ ಸದಾ ರುಮಾಲು ಸುತ್ತಿಕೊಂಡಿರುತ್ತಿದ್ದ ಅವರನ್ನು ಜನ ತಲಪ್ಪಾಕಟ್ಟಿ, ನಮ್ಮ ಮಾತಿನಲ್ಲಿ ರುಮಾಲಿನವರು, ಎಂದು ಕರೆದರು. ಬೋರ್ಡಿನಲ್ಲಿದ್ದ ಹೆಸರು ಮಾಸಿ ರುಮಾಲು ಉಳಿಯಿತು. ಅಲ್ಲಿ ಬಾಸುಮತಿ ಅಕ್ಕಿ ಇಲ್ಲ. ಸೀರಗ ಸಂಬಾ ಎಂಬ, ಜೀರಿಗೆಯಂಥ ಸಣ್ಣ ಕಾಳಿನ ಅಕ್ಕಿ. ಬಾಸುಮತಿ ಉದ್ದುದ್ದ ಬಿಡಿಬಿಡಿಯಾಗಿ ನಿಂತು ತನ್ನ ಪರಿಮಳವನ್ನೇ ಮೆರೆಸಿದರೆ, ಈ ಸಣ್ಣ ಅಕ್ಕಿ ಮಾಂಸದ ರಸವನ್ನು ಹೀರಿಕೊಂಡು ತನ್ನದೆನ್ನುವುದನ್ನು ಮರೆಯುತ್ತದೆ. ಮೊಸರೂ ನಿಂಬೆಯೂ ಹುಳಿ ಕೊಡುತ್ತವೆ, ಮೆಣಸು ಖಾರ ಕೊಡುತ್ತದೆ. ಬೆಂಗಳೂರಿನ ದೊನ್ನೆ ಬಿರಿಯಾನಿ ತಿಂದ ನಾಲಿಗೆಗೆ ಇದು ಪರಕೀಯ ಅನ್ನಿಸುವುದಿಲ್ಲ, ಅದರ ಅಕ್ಕಿಯೂ ಇದೇ ಜಾತಿಯದು. ಹೈದರಾಬಾದು, ಲಖನೌ ಎಂದು ಉತ್ತರಕ್ಕೇ ಕೈ ತೋರಿಸುವ ಬಿರಿಯಾನಿ ಪಂಡಿತರು ದಕ್ಷಿಣದ ಈ ಸಣ್ಣಕ್ಕಿಯ ಕುಟುಂಬವನ್ನು ಪ್ರತ್ಯೇಕ ಶಾಖೆಯೆಂದು ಒಪ್ಪಿಕೊಳ್ಳುವುದು ಯಾವಾಗಲೋ.

ಇಲ್ಲಿಗೆ ಮೊದಲ ಆಕ್ಷೇಪ ಎದ್ದು ನಿಲ್ಲುತ್ತದೆ. 1957ರ ಹೋಟೆಲನ್ನು ತೋರಿಸಿ ಚರಿತ್ರೆ ಅನ್ನುತ್ತೀರಲ್ಲ, 1605ರ ಕೋಟೆಗೂ ಅದಕ್ಕೂ ಎಲ್ಲಿಂದೆಲ್ಲಿಯ ಸಂಬಂಧ? ನ್ಯಾಯವಾದ ಪ್ರಶ್ನೆ. ಆದರೆ ಇದೇ ಪ್ರಶ್ನೆಯನ್ನು ಇಟಲಿಗೆ ಕೇಳಿದರೆ ಅಲ್ಲಿಯ ಊಟದ ಮೇಜು ಅರ್ಧ ಖಾಲಿಯಾಗುತ್ತದೆ. ಟೊಮೆಟೊ ಅಮೆರಿಕ ಖಂಡದಿಂದ ಬಂದದ್ದು, ಮೆಕ್ಕೆಜೋಳದ ಪೊಲೆಂಟಾ ಕೂಡ. ರೋಮಿನ ಕಾರ್ಬೊನಾರಾ ಎಂಬ ಪಾಸ್ತಾದ ಹೆಸರು ಬರಹದಲ್ಲಿ ಕಾಣಿಸಿಕೊಳ್ಳುವುದು ಎರಡನೇ ಮಹಾಯುದ್ಧದ ನಂತರ. ತಿರಮಿಸು ಇನ್ನೂ ಈಚಿನದು. ಬೊಲೋನ್ಯಾದ ರಾಗು ಎಂಬ ಮಾಂಸದ ಗೊಜ್ಜನ್ನು ಹೀಗೇ ಮಾಡಬೇಕೆಂದು ವಾಣಿಜ್ಯ ಮಂಡಳಿಯಲ್ಲಿ ದಾಖಲಿಸಿದ್ದು 1982ರಲ್ಲಿ, ನಮ್ಮ ರುಮಾಲಿನ ಬಿರಿಯಾನಿಗಿಂತ ಕಾಲು ಶತಮಾನದ ಆಮೇಲೆ. ಪಾಕ ಹಳೆಯದೇ ಇರಬಹುದು. ಅದಕ್ಕೆ ಊರಿನ ಹೆಸರಂಟಿಸಿ ಕಾಪಾಡುವ ಕಾಳಜಿ ಮಾತ್ರ ಹೊಸದು. ಊಟ ಐತಿಹಾಸಿಕವಾಗಲು ಅದು ಪುರಾತನ ಆಗಿರಬೇಕಾಗಿಲ್ಲ, ಆ ನೆಲ ಆ ಕಾಲ ಅದರಲ್ಲಿ ಕಾಣಬೇಕು. ತೆಲುಗು ಮೂಲದ ನಾಯ್ಡು ತಮಿಳು ಊರಿನಲ್ಲಿ ಮುಸಲ್ಮಾನರ ಅಡುಗೆಯನ್ನು ಕಾವೇರಿ ಬಯಲಿನ ಅಕ್ಕಿಯಲ್ಲಿ ಬೇಯಿಸಿ ಹೆಸರಾದರು ಎಂಬುದರಲ್ಲಿ, ವಿಜಯನಗರದಿಂದ ಹಿಡಿದು ಮೈಸೂರಿನ ತನಕ ಈ ಬಂಡೆಯ ಸುತ್ತ ಬಂದು ನೆಲೆಸಿದ ಜನರ ಇಡೀ ಮೆರವಣಿಗೆಯೇ ಇದೆ. ಊರಿನ ಬೇಗಂಪುರ ಎಂಬ ಬಡಾವಣೆಯ ಮಸೀದಿಯಲ್ಲಿ ಹೈದರನ ಸಹೋದರಿಯ ಸಮಾಧಿ ಇದೆಯೆಂದು ಜನ ನಂಬುತ್ತಾರೆ. ಬಡಾವಣೆಯ ಹೆಸರೂ ಅವಳಿಂದಲೇ ಬಂದದ್ದೆನ್ನುತ್ತಾರೆ. ತಟ್ಟೆಯಿಂದ ಆ ಸಮಾಧಿಗೆ ನಡೆದುಕೊಂಡು ಹೋಗಬಹುದು.

ಇನ್ನು ಬತ್ತಲಗುಂಡು. ಇಲ್ಲಿ ಕೋಟೆಯಿಲ್ಲ, ಹೆಸರಾದ ಬಿರಿಯಾನಿಯೂ ಇಲ್ಲ. ಇದರ ದೊಡ್ಡಸ್ತಿಕೆ ಇರುವುದು ಕೂಡುರಸ್ತೆಯಾಗಿರುವುದರಲ್ಲಿ. ದಿಂಡಿಗಲ್ಲಿನಿಂದ ತೇಣಿ, ಕಂಬಂ, ಕುಮಳಿ ದಾಟಿ ಕೇರಳಕ್ಕೆ ಹೋಗುವ ಹೆದ್ದಾರಿ ಇಲ್ಲಿ ಹಾಯುತ್ತದೆ, ಮದುರೆಯ ದಾರಿ ಇಲ್ಲಿ ಬಂದು ಸೇರುತ್ತದೆ, ಕೊಡೈಕೆನಾಲ್‌ನ ವಾಹನಗಳು ಈ ಕಡೆಯಿಂದಲೇ ಬೆಟ್ಟಕ್ಕೆ ತಿರುಗುತ್ತವೆ. ಸರಕು ಎಲ್ಲಿ ಕೂಡುತ್ತದೋ ಅಡುಗೆ ಅಲ್ಲಿ ಅರ್ಥವಾಗುತ್ತದೆ. ಇದಕ್ಕೆ ಒಂದೇ ಉದಾಹರಣೆ ಸಾಕು: ಪಳನಿಯ ಪಂಚಾಮೃತ. 2019ರಲ್ಲಿ ಜಿಐ ಪಡೆದ ಈ ಪ್ರಸಾದವನ್ನು ಬೆರಳಲ್ಲಿ ಅದ್ದಿ ನೆಕ್ಕುವಾಗ ನಾವು ನೆಕ್ಕುತ್ತಿರುವುದು ಒಂದು ಭೂಪಟವನ್ನು. ಅದರ ಬಾಳೆ ವಿರೂಪಾಕ್ಷಿ ಎಂಬ ಬೆಟ್ಟದ ಜಾತಿ. ಪಳನಿ ಬೆಟ್ಟಗಳಲ್ಲೂ ಸಿರುಮಲೆಯಲ್ಲೂ ಬೆಳೆಯುವ ಈ ಬೆಟ್ಟಬಾಳೆಗೂ ಪ್ರತ್ಯೇಕ ಜಿಐ ಇದೆ. ಸಿಪ್ಪೆ ಗಟ್ಟಿ, ತಿರುಳಿನಲ್ಲಿ ನೀರು ಕಡಿಮೆ. ಅದರಿಂದಲೇ ನೀರು ತಾಗಿಸದೆ ಬೆಲ್ಲ, ತುಪ್ಪ, ಜೇನುತುಪ್ಪದ ಜೊತೆ ಕಲಸಿದ ಪಂಚಾಮೃತ ಬೇಗ ಕೆಡುವುದಿಲ್ಲ. ಏಲಕ್ಕಿಗೆ ಬೇರೆ ಊರು ಹುಡುಕಬೇಕಿಲ್ಲ, ಇದೇ ಹೆದ್ದಾರಿಯಲ್ಲಿ ಮುಂದೆ ಹೋಗಿ ಬಲಕ್ಕೆ ತಿರುಗಿದರೆ ಸಿಗುವ ಬೋಡಿನಾಯಕನೂರು ದೇಶದ ಏಲಕ್ಕಿ ಹರಾಜಿನ ಎರಡು ದೊಡ್ಡ ಕೇಂದ್ರಗಳಲ್ಲಿ ಒಂದು. ಬೆಟ್ಟಬಾಳೆಯನ್ನು ಗೊನೆಮುದುಡು ರೋಗ ಕಳೆದ ಶತಮಾನದಲ್ಲಿ ಬಹುಮಟ್ಟಿಗೆ ನುಂಗಿಹಾಕಿತು ಎಂಬುದೂ ಈ ಕಥೆಯ ಭಾಗವೇ. ಪ್ರಸಾದದ ರುಚಿ ಉಳಿಯಬೇಕಾದರೆ ವೈರಸ್ ಇಲ್ಲದ ಸಸಿಯನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಬೆಟ್ಟಕ್ಕೆ ಒಯ್ಯಬೇಕಾಯಿತು. ಇನ್ನು ಕಂಬಂ ಕಣಿವೆಯ ಪನ್ನೀರು ದ್ರಾಕ್ಷಿ. 1832ರಲ್ಲಿ ಫ್ರೆಂಚ್ ಪಾದ್ರಿಯೊಬ್ಬರು ತಂದು ನೆಟ್ಟರೆನ್ನುವ ಈ ದ್ರಾಕ್ಷಿಗೆ 2023ರಲ್ಲಿ ಜಿಐ ಸಿಕ್ಕಿತು. ಬೇರೆಡೆ ದ್ರಾಕ್ಷಿಗೆ ಒಂದು ಕಾಲವಿದ್ದರೆ ಇಲ್ಲಿ ವರ್ಷವಿಡೀ ಒಂದಲ್ಲ ಒಂದು ತೋಟದಲ್ಲಿ ಕೊಯ್ಲು. ಆ ಕಣಿವೆಯ ಹಸಿರಿನ ಹಿಂದೆ 1895ರ ಮುಲ್ಲಪೆರಿಯಾರ್ ಅಣೆಕಟ್ಟು ಇದೆ. ಪಶ್ಚಿಮಕ್ಕೆ ಹರಿದು ಅರಬ್ಬಿ ಸಮುದ್ರ ಸೇರುತ್ತಿದ್ದ ನೀರನ್ನು ಬೆಟ್ಟ ಕೊರೆದು ಪೂರ್ವಕ್ಕೆ ತಿರುಗಿಸಿದ ಪೆನ್ನಿಕ್ವಿಕ್‌ನ ಚಿತ್ರ ಇಂದಿಗೂ ಆ ಕಣಿವೆಯ ಮನೆಗಳಲ್ಲಿ ದೇವರ ಪಟದ ಜೊತೆ ತೂಗುತ್ತದೆ. ಎಂಜಿನಿಯರೊಬ್ಬನ ಹೆಸರು ಹೀಗೆ ಉಳಿಯುವುದು ಮಂಡ್ಯದವರಿಗೆ ವಿವರಿಸಿ ಹೇಳಬೇಕಾದ ವಿಷಯವಲ್ಲ.

ಕನ್ನಡಿಗರಿಗೆ ಎಂದು ಮೊದಲಲ್ಲೇ ಒತ್ತಿ ಹೇಳಿದ್ದಕ್ಕೆ ಹೈದರ್ ಒಬ್ಬನೇ ಕಾರಣವಲ್ಲ. ದಿಂಡಿಗಲ್ಲಿನ ಮಗ್ಗುಲಲ್ಲೇ ಮದುರೆಯ ದಾರಿಯಲ್ಲಿರುವ ಚಿನ್ನಾಳಪಟ್ಟಿ ಸೀರೆಗಳಿಗೆ ಹೆಸರಾದ ನೇಕಾರರ ಊರು. ಅಲ್ಲಿಯ ದೇವಾಂಗರ ಮನೆಮಾತು ಕನ್ನಡ, ಅವರ ಕುಲದೇವತೆ ಚೌಡೇಶ್ವರಿ. ಬೋಡಿಯಲ್ಲೂ ದೇವಾಂಗರಿದ್ದಾರೆ. ಕಂಬಂ ಕಣಿವೆಯಲ್ಲಿ ಕಪ್ಪಿಲಿಯರ್ ಎಂದು ಹೊರಗಿನವರು ಕರೆಯುವ, ತಮ್ಮನ್ನು ಒಕ್ಕಲಿಗರೆಂದೇ ಗುರುತಿಸಿಕೊಳ್ಳುವ ರೈತರು ಶತಮಾನಗಳಿಂದ ಕನ್ನಡವನ್ನು ಮನೆಯೊಳಗೆ ಉಳಿಸಿಕೊಂಡಿದ್ದಾರೆ. ತುಂಗಭದ್ರೆಯ ದಡದಿಂದ ಬಂದೆವೆಂಬುದು ಅವರ ಐತಿಹ್ಯ. 1906ರ ಮದುರೆ ಜಿಲ್ಲಾ ಗೆಜೆಟಿಯರ್ ಬರೆದ ಫ್ರಾನ್ಸಿಸ್, ಕಂಬದಲ್ಲಿ ಅವರು ಸಾಕುವ ದೇವರ ದನಗಳ ಹಿಂಡಿನ ಬಗ್ಗೆ ದಾಖಲಿಸಿದ ಸಂಗತಿ ಸ್ವಾರಸ್ಯವಾಗಿದೆ. ಹಿಂಡಿಗೊಬ್ಬ ಅರಸು, ಒಂದು ಹೋರಿ. ಅದು ಸತ್ತರೆ ಒಳ್ಳೆಯ ದಿನ ನೋಡಿ, ಪಂಚಾಯ್ತಿ ಕೂಡಿಸಿ, ಹಿಂಡಿನ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ; ಯಾವ ಹೋರಿ ಮೊದಲು ಬಾಯಿ ಹಾಕುತ್ತದೋ ಅದಕ್ಕೇ ಪಟ್ಟ. ನಂದಗೋಪಾಲಸ್ವಾಮಿ ಎಂದು ಅದನ್ನು ಪೂಜಿಸುತ್ತಾರೆ. ಇಂದಿಗೂ ಮಾಟ್ಟುಪೊಂಗಲ್ ದಿನ ಕಂಬದ ಆ ದನದ ದೊಡ್ಡಿಗೆ ಸುತ್ತಲಿನ ಊರುಗಳ ಜನ ಹುಲ್ಲಿನ ಹೊರೆ ಹೊತ್ತು ಬರುತ್ತಾರೆ. ಜುಂಜಪ್ಪನ ಗುಡ್ಡೆ, ಮ್ಯಾಸಬೇಡರ ದೇವರ ಎತ್ತುಗಳನ್ನು ಬಲ್ಲ ಚಿತ್ರದುರ್ಗ, ತುಮಕೂರಿನ ಓದುಗರಿಗೆ ಇದು ಎಲ್ಲೋ ಕಂಡ ಮುಖ ಅನ್ನಿಸದೆ ಇರದು. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಕಳೆದುಹೋದ ನಮ್ಮವರನ್ನು ಹುಡುಕಿಕೊಂಡು ಬಂದೆವು ಎಂಬ ಗತ್ತಿನಲ್ಲಿ ಅಲ್ಲಿಗೆ ಹೋಗುವುದು ತಪ್ಪು. ಅವರು ಕಳೆದುಹೋದವರಲ್ಲ. ತಮಿಳಿನಲ್ಲಿ ಓದಿ, ತಮಿಳುನಾಡಿನಲ್ಲಿ ವೋಟು ಹಾಕಿ, ಅಜ್ಜಿಯ ಜೊತೆ ಕನ್ನಡ ಮಾತಾಡುವವರು. ಅವರ ಕನ್ನಡ ನಮ್ಮ ಪಠ್ಯಪುಸ್ತಕದ ಕನ್ನಡವಲ್ಲ, ತಿದ್ದಲು ಹೋಗಬಾರದು.

ಬತ್ತಲಗುಂಡಿನ ಇನ್ನೊಂದು ಬೆಳೆ ಬರಹ. ಇಷ್ಟು ಸಣ್ಣ ಊರು ಒಂದು ಭಾಷೆಗೆ ಇಷ್ಟು ಮಂದಿಯನ್ನು ಕೊಟ್ಟದ್ದು ನಮ್ಮಲ್ಲಾದರೆ ಧಾರವಾಡದ ಸಾಧನಕೇರಿಯ ಮಟ್ಟದ ಮಾತಾಗುತ್ತಿತ್ತು. ತಮಿಳಿನ ಮೊದಲ ಕಾದಂಬರಿಗಳ ಸಾಲಿನಲ್ಲಿ ಬರುವ 'ಕಮಲಾಂಬಾಳ್ ಚರಿತ್ರಂ' ಬರೆದ ರಾಜಂ ಅಯ್ಯರ್ ಇಲ್ಲಿ ಹುಟ್ಟಿದ್ದು 1872ರಲ್ಲಿ. ವಿವೇಕಾನಂದರ ಪ್ರೇರಣೆಯಿಂದ 1896ರಲ್ಲಿ ಹೊರಟ 'ಪ್ರಬುದ್ಧ ಭಾರತ'ಕ್ಕೆ ಅವರೇ ಮೊದಲ ಸಂಪಾದಕರು. ಮೂವತ್ತೂ ತುಂಬದೆ 1898ರಲ್ಲಿ ತೀರಿಕೊಂಡರು. 'ಮಣಿಕ್ಕೊಡಿ' ಪತ್ರಿಕೆಯ ಮೂಲಕ ತಮಿಳು ಸಣ್ಣಕತೆಯನ್ನು ಬೆಳೆಸಿದ ಬಿ. ಎಸ್. ರಾಮಯ್ಯ ಇಲ್ಲಿಯವರು. ಸಿ. ಎಸ್. ಚೆಲ್ಲಪ್ಪ ಇಲ್ಲಿಯವರು, 1959ರಲ್ಲಿ 'ಎಳುತ್ತು' ಪತ್ರಿಕೆ ಶುರುಮಾಡಿ ತಮಿಳು ನವ್ಯಕಾವ್ಯಕ್ಕೆ ನೆಲೆ ಕೊಟ್ಟವರು, ಜಲ್ಲಿಕಟ್ಟಿನ ಕಣದಲ್ಲಿ ನಡೆಯುವ 'ವಾಡಿವಾಸಲ್' ಎಂಬ ಕಿರುಕಾದಂಬರಿ ಬರೆದವರು. ಗೋಪಾಲಕೃಷ್ಣ ಅಡಿಗರ 'ಸಾಕ್ಷಿ'ಯನ್ನು ನೆನೆಯುವ ಕನ್ನಡ ಓದುಗನಿಗೆ, ಅದಕ್ಕೂ ಮೊದಲೇ ಪಕ್ಕದ ಭಾಷೆಯಲ್ಲಿ ಅದೇ ಹಟದಿಂದ ಪತ್ರಿಕೆ ಹೊತ್ತು ನಡೆದವನ ಊರು ಇದು ಎಂದು ಗೊತ್ತಿದ್ದರೆ ಕಾಫಿಯ ರುಚಿ ಬೇರೆಯಾಗುತ್ತದೆ. ಇವರೆಲ್ಲರ ಜೊತೆ ಸುಬ್ರಮಣ್ಯ ಶಿವ. 1884ರಲ್ಲಿ ಇಲ್ಲಿ ಹುಟ್ಟಿ, 1908ರಲ್ಲಿ ವ. ಉ. ಚಿದಂಬರಂ ಪಿಳ್ಳೈ ಜೊತೆ ಜೈಲು ಸೇರಿ, ಕುಷ್ಠರೋಗದಿಂದ ಮೈ ಹಣ್ಣಾದ ಮೇಲೂ ಊರೂರು ನಡೆದು ಭಾಷಣ ಮಾಡಿ, 1925ರಲ್ಲಿ ಧರ್ಮಪುರಿಯ ಪಾಪ್ಪಾರಪಟ್ಟಿಯಲ್ಲಿ ಕಣ್ಣು ಮುಚ್ಚಿದವರು. ಇವರ ಹೆಸರುಗಳನ್ನು ಹೇಳಿಕೊಂಡು ಒಂದು ಬೀದಿಯನ್ನು ನಡೆಯುವುದು ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯಲ್ಲಿ ಬರುವುದಿಲ್ಲ. ಬರದೆ ಇರುವುದು ಪಟ್ಟಿಯ ದೋಷ.

ಎರಡನೆಯ ಆಕ್ಷೇಪ ಹೆಚ್ಚು ಒರಟು, ಹೆಚ್ಚು ನಿಜ. ಬೊಲೋನ್ಯಾದಲ್ಲಿ 62 ಕಿಲೋಮೀಟರ್ ನೆರಳಿದೆ, ದಿಂಡಿಗಲ್ಲಿನಲ್ಲಿ ಏನಿದೆ? ಬಿಸಿಲು, ಧೂಳು, ಹಾರನ್ನು, ಬಂಡೆಯ ಮೇಲೆ ಒಂದು ಮರವೂ ಇಲ್ಲ. ಒಪ್ಪಬೇಕಾದ ಮಾತೇ. ಮಧ್ಯಾಹ್ನ ಹನ್ನೆರಡಕ್ಕೆ ಆ ಕೋಟೆ ಹತ್ತುವವನಿಗೆ ಚರಿತ್ರೆಗಿಂತ ಮೊದಲು ಹಣೆಯ ಬೆವರು ಕಣ್ಣಿಗಿಳಿಯುತ್ತದೆ. ಆದರೆ ಇದು ಊರಿನ ದೋಷವಾಗಿರುವಷ್ಟೇ ವೇಳಾಪಟ್ಟಿಯ ದೋಷವೂ ಹೌದು. ಇಟಲಿಯ ಹಳೆಯ ಊರುಗಳೂ ಬೇಸಿಗೆಯ ಮಧ್ಯಾಹ್ನ ಕದ ಹಾಕಿಕೊಂಡು ಮಲಗುತ್ತವೆ. ಅಲ್ಲಿ ಅದಕ್ಕೊಂದು ಚೆಂದದ ಹೆಸರಿದೆ, ಅಷ್ಟೆ. ನಸುಕಿಗೆ ಕೋಟೆ, ಬೆಳಿಗ್ಗೆ ಬೀಗದ ಅಂಗಡಿ ಮತ್ತು ಚಿನ್ನಾಳಪಟ್ಟಿಯ ಬೀದಿ, ಮಧ್ಯಾಹ್ನ ಊಟ ಮತ್ತು ನೆರಳು, ಇಳಿಹೊತ್ತಿಗೆ ನಿಲಕ್ಕೋಟೆಯ ಹೂವಿನ ಸೀಮೆ ಹಾದು ಬತ್ತಲಗುಂಡು, ಅಲ್ಲಿ ಒಂದು ಕವಳ. ನೆಲಕ್ಕೆ ತಕ್ಕ ಹೊತ್ತು, ಹೊತ್ತಿಗೆ ತಕ್ಕ ತಿಂಡಿ. ಬಿರಿಯಾನಿ ಮುಟ್ಟದವರಿಗೂ ಈ ಹಾದಿಯಲ್ಲಿ ಉಪವಾಸವಿಲ್ಲ: ಬೆಟ್ಟಬಾಳೆ, ಪಂಚಾಮೃತ, ಪನ್ನೀರು ದ್ರಾಕ್ಷಿ, ವೀಳ್ಯ ಇವು ನಾಲ್ಕೂ ಮಾಂಸದಷ್ಟೇ ಚರಿತ್ರೆ ಹೇಳುತ್ತವೆ. ಇಷ್ಟಿದ್ದೂ ಊರು ತನ್ನನ್ನು ತೋರಿಸಿಕೊಳ್ಳದಿರುವುದಕ್ಕೆ ಕಾರಣವಿದೆ: ದಿಂಡಿಗಲ್ 1985ರ ತನಕ ಮದುರೆ ಜಿಲ್ಲೆಯ ಒಂದು ತುಂಡಾಗಿತ್ತು. ಮೀನಾಕ್ಷಿಯ ಗೋಪುರದ ನೆರಳಿನಲ್ಲಿ ಇದ್ದವರಿಗೆ ತಮ್ಮ ಬಂಡೆಯನ್ನು ಹೊಗಳಿಕೊಳ್ಳುವ ಅಭ್ಯಾಸ ಇನ್ನೂ ಬಂದಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಇಷ್ಟು ಹೊಗಳಿ ಜನರನ್ನು ಕರೆದರೆ ಊರು ಹಾಳಾಗುವುದಿಲ್ಲವೇ? ಹಾಳಾದ ಊರುಗಳ ಪಟ್ಟಿ ಉದ್ದವಿದೆ. ಬೆಳಿಗ್ಗೆ ಬಂದು ಸಂಜೆ ಹೋಗುವವರ ಕಾಟ ತಾಳದೆ ವೆನಿಸ್ 2024ರ ಏಪ್ರಿಲ್ 25ರಿಂದ ಅಂಥವರಿಗೆ 5 ಯೂರೋ ಪ್ರವೇಶ ಶುಲ್ಕ ಹಾಕಿತು. ಅದಾದ ಎರಡೇ ವಾರದಲ್ಲಿ, ಮೇ 7ರಿಂದ, ಮದ್ರಾಸ್ ಹೈಕೋರ್ಟಿನ ಆದೇಶದಂತೆ ಊಟಿ ಮತ್ತು ಕೊಡೈಕೆನಾಲ್‌ಗೆ ಇ-ಪಾಸ್ ಕಡ್ಡಾಯವಾಯಿತು. 2025ರ ಬೇಸಿಗೆಗೆ ನ್ಯಾಯಾಲಯ ಇನ್ನೂ ಬಿಗಿ ಮಾಡಿ, ಕೊಡೈಗೆ ವಾರದ ದಿನಗಳಲ್ಲಿ 4,000, ವಾರಾಂತ್ಯದಲ್ಲಿ 6,000 ವಾಹನ ಎಂದು ಮಿತಿ ಹಾಕಿತು. ಆಕ್ಷೇಪಕ್ಕೆ ಉತ್ತರ ಈ ಅಂಕಿಗಳಲ್ಲೇ ಇದೆ. ಎಲ್ಲರೂ ಒಂದೇ ಕೆರೆ, ಒಂದೇ ಬಂಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಬಗೆಯೇ ಬೆಟ್ಟವನ್ನು ಬಗ್ಗಿಸಿದ್ದು. ಊಟವನ್ನು ಹಿಡಿದು ನಡೆಯುವ ಪ್ರವಾಸಿ ಹತ್ತು ಊರಿಗೆ ಹಂಚಿಹೋಗುತ್ತಾನೆ. ಅವನು ಕೊಟ್ಟ ಕಾಸು ಬಾಳೆಯವನಿಗೆ, ಬೀಗದವನಿಗೆ, ಎಲೆಯವನಿಗೆ ಹೋಗುತ್ತದೆ. ಹಾಗೆಂದು ಹತ್ತೂ ಊರನ್ನು ಒಂದು ಗೋಡೆಯೊಳಗೆ ತಂದು ಕಟ್ಟುವ ಸರ್ಕಾರಿ ಉಪಾಯ ಬೇಡವೇ ಬೇಡ. ಬೊಲೋನ್ಯಾ ಅದನ್ನೂ ಮಾಡಿ ನೋಡಿದೆ. 2017ರಲ್ಲಿ ಊರ ಹೊರಗೆ ಫಿಕೊ ಎಂಬ ಭಾರೀ ಆಹಾರ ಉದ್ಯಾನ ತೆರೆದರು, ಎಣಿಸಿದಷ್ಟು ಜನ ಬರಲಿಲ್ಲ, 2024ರಲ್ಲಿ ಹೆಸರನ್ನೇ ಬದಲಿಸಬೇಕಾಯಿತು. ಊರೊಳಗಿನ ಹಳೆಯ ಸಂತೆಬೀದಿಯಲ್ಲಿ ಜನ ಎಂದಿನಂತೆ ಹಂದಿಮಾಂಸ ಕೊಯ್ಯಿಸಿಕೊಂಡು ನಿಂತಿದ್ದರು.

ಹಾಗಾದರೆ ಬೇಕಾದುದು ಬಹಳ ಸಣ್ಣದು. ಕೋಟೆಯ ಬಾಗಿಲಲ್ಲಿ ತಮಿಳು, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ನಾಲ್ಕು ಸಾಲು, ಬತ್ತಲಗುಂಡಿನ ಬಸ್ ನಿಲ್ದಾಣದಲ್ಲಿ ನಾಲ್ವರ ಹೆಸರಿರುವ ಒಂದು ಫಲಕ, ಬಿರಿಯಾನಿ ಹೋಟೆಲಿನ ಮೆನುವಿನಲ್ಲಿ ಅಕ್ಕಿ ಎಲ್ಲಿಯದೆಂಬ ಒಂದು ಸಾಲು. ಇದಕ್ಕೆ ತಮಿಳುನಾಡು ಸರ್ಕಾರವನ್ನೇ ಕಾಯಬೇಕಿಲ್ಲ. ಹೈದರನ ಊರುಗಳ ಬಗ್ಗೆ ಪುಸ್ತಕ ಅಚ್ಚುಹಾಕುವ ನಮ್ಮ ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ಒಂದು ಕನ್ನಡ ಕೈಪಿಡಿಯನ್ನಾದರೂ ತರಬಹುದು. ಕೈಪಿಡಿ ಬರುವ ತನಕ ಟಿಕೆಟ್ಟಿಗೇನೂ ಅಡ್ಡಿಯಿಲ್ಲ. ಮೈಸೂರು–ತೂತ್ತುಕುಡಿ ಎಕ್ಸ್‌ಪ್ರೆಸ್ ಬೆಂಗಳೂರನ್ನು ರಾತ್ರಿ ಬಿಟ್ಟು ಸೇಲಂ, ಕರೂರು ದಾಟಿ ಬೆಳಗಿನ ಹೊತ್ತಿಗೆ ದಿಂಡಿಗಲ್ಲಿನಲ್ಲಿ ನಿಲ್ಲುತ್ತದೆ. ಬಂಡೆ ಆಗಿನ್ನೂ ತಣ್ಣಗಿರುತ್ತದೆ.